ಮೊಡವೆಗೆ ಅಡಾಪಲೀನ್, ಬೆಂಜಾಯಿಲ್ ಪೆರಾಕ್ಸೈಡ್, ಸ್ಯಾಲಿಸಿಲಿಕ್ ಫೇಸ್‌ವಾಶ್: ದುಡ್ಡು ಯಾವುದಕ್ಕೆ ಹಾಕಬೇಕು?

ಒಂದೇ ಟ್ಯೂಬಿಗೆ ದುಡ್ಡಿದ್ದರೆ ಅಡಾಪಲೀನ್ 0.1% ಜೆಲ್ ಕೊಳ್ಳಿ. ಉಳಿದೆರಡು ಕೆಲಸಕ್ಕೆ ಬಾರದವು ಅಂತಲ್ಲ. ಆದರೆ ನಮ್ಮ ಕಂದು ಚರ್ಮದಲ್ಲಿ ಮೊಡವೆ ವಾರಕ್ಕೆ ಆರಿದರೂ ಅದರ ಕಪ್ಪು ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಎದ್ದಮೇಲೆ ಒಣಗಿಸುವುದಕ್ಕಿಂತ ಏಳದಂತೆ ತಡೆಯುವುದೇ ಲಾಭ.

ಹರೆಯದಲ್ಲಿ ಆಂಡ್ರೋಜನ್ ಹಾರ್ಮೋನು ಹೆಚ್ಚಿದಾಗ ಚರ್ಮದ ಎಣ್ಣೆ ಗ್ರಂಥಿಗಳು ಜೋರಾಗುತ್ತವೆ. ರಂಧ್ರದ ಒಳಗೋಡೆಯಿಂದ ಉದುರಿಹೋಗಬೇಕಾದ ಸತ್ತ ಜೀವಕೋಶಗಳು ಅಂಟಿಕೊಂಡು ಬಿರಡೆ ಹಾಕಿದಂತಾಗುತ್ತದೆ. ಒಳಗೆ ನಿಂತ ಎಣ್ಣೆಯಲ್ಲಿ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಕೆಂಪು, ಊತ, ಕೀವು ಶುರುವಾಗುತ್ತದೆ. ಇವತ್ತು ಕಾಣುವ ಮೊಡವೆಯ ಬಿರಡೆ ಎಷ್ಟೋ ವಾರಗಳ ಹಿಂದೆಯೇ ಕೂತಿರುತ್ತದೆ. ಅಡಾಪಲೀನ್ ಕೈಹಾಕುವುದು ಈ ಬಿರಡೆಗೇ. ಬೆಂಜಾಯಿಲ್ ಪೆರಾಕ್ಸೈಡ್ ಮುಖ್ಯವಾಗಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ.

ಸ್ಯಾಲಿಸಿಲಿಕ್ ಆಸಿಡ್ ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದೊಳಕ್ಕೆ ಇಳಿಯಬಲ್ಲದು. ಆದರೆ ಫೇಸ್‌ವಾಶ್ ಮುಖದ ಮೇಲಿರುವುದು ಅರ್ಧ ನಿಮಿಷ. ಬ್ಲ್ಯಾಕ್‌ಹೆಡ್‌ಗೆ ಅಷ್ಟಿಷ್ಟು ಉಪಯೋಗ, ಕೀವುಗಟ್ಟಿದ್ದಕ್ಕೆ ಏನೂ ಇಲ್ಲ. ಅಂದಹಾಗೆ ಬ್ಲ್ಯಾಕ್‌ಹೆಡ್‌ನ ಕಪ್ಪು ಕೊಳೆಯಲ್ಲ, ಗಾಳಿ ತಾಗಿದ ಮೆಲನಿನ್. ಸ್ಕ್ರಬ್ ಹಾಕಿ ಉಜ್ಜಿದರೆ ಚರ್ಮ ಕೆರಳುತ್ತದೆ, ಅದು ಮಾತ್ರ ಅಲ್ಲೇ ಇರುತ್ತದೆ.

ಬೆಂಜಾಯಿಲ್ ಪೆರಾಕ್ಸೈಡ್‌ನಲ್ಲಿ 2.5% ಸಾಕು. 10% ಹೆಚ್ಚು ಗುಣ ಕೊಡುವುದಿಲ್ಲ, ಉರಿ ಮಾತ್ರ ಹೆಚ್ಚು. ಕ್ಲಿಂಡಾಮೈಸಿನ್ ಎಂಬ ಆಂಟಿಬಯೋಟಿಕ್ ಜೆಲ್ ಒಂದನ್ನೇ ಹಚ್ಚುತ್ತಿದ್ದರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಹೋಗುತ್ತದೆ; ಪೆರಾಕ್ಸೈಡ್‌ಗೆ ಆ ಕಾಟವಿಲ್ಲ. ದಿಂಬಿನ ಕವರ್, ಬಣ್ಣದ ಟವೆಲ್ ಬಿಳಿಚುವುದು ಖಂಡಿತ, ಬಿಳಿ ಬಟ್ಟೆ ಬಳಸಿ. ಟ್ಯೂಬನ್ನು ಬಿಸಿಲಲ್ಲಿ, ಕಾರಿನಲ್ಲಿ ಬಿಡಬೇಡಿ.

ಅಡಾಪಲೀನ್‌ನ ದೊಡ್ಡ ತಲೆನೋವು ಮೊದಲ ತಿಂಗಳು. ಎರಡನೇ ವಾರದ ಹೊತ್ತಿಗೆ ಮೂಗಿನ ಪಕ್ಕ, ಬಾಯಿಯ ಮೂಲೆಗಳಲ್ಲಿ ಸಿಪ್ಪೆ ಏಳುತ್ತದೆ, ಸೋಪು ತಾಗಿದರೆ ಉರಿ. ಅದರ ಜೊತೆಗೇ ಒಳಗಿದ್ದ ಬಿರಡೆಗಳು ಮೇಲೆ ಬಂದು ಮೊಡವೆ ಹೆಚ್ಚಿದಂತೆಯೂ ಕಾಣಬಹುದು. ‘ನನಗೆ ಆಗಿಬರಲಿಲ್ಲ’ ಎಂದು ಟ್ಯೂಬ್ ಎಸೆಯುವವರು ಎಸೆಯುವುದು ಇಲ್ಲಿಯೇ. ಫಲ ಕಾಣಲು 8ರಿಂದ 12 ವಾರ ಬೇಕು, ಬಿಡುವುದು ನಾಲ್ಕನೇ ವಾರ!

ಈ ಕಾಟ ಅರ್ಧಕ್ಕರ್ಧ ಹಚ್ಚುವ ಕ್ರಮದಿಂದ ಬರುವಂಥದ್ದು. ಮುಖ ತೊಳೆದ ಕೂಡಲೇ ಒದ್ದೆ ಚರ್ಮಕ್ಕೆ ಹಚ್ಚಿದರೆ ಔಷಧಿ ಹೆಚ್ಚು ಒಳಗಿಳಿದು ಉರಿಸುತ್ತದೆ. 15-20 ನಿಮಿಷ ಒಣಗಲು ಬಿಡಿ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು, ಅಷ್ಟೇ. ಹಣೆ, ಎರಡು ಕೆನ್ನೆ, ಗದ್ದಕ್ಕೆ ಚುಕ್ಕೆಯಿಟ್ಟು ತೆಳ್ಳಗೆ ಹರಡಿ. ಎದ್ದ ಮೊಡವೆಯ ಮೇಲೆ ಮಾತ್ರ ಇಟ್ಟರೆ ತಡೆಯುವ ಔಷಧಿಗೆ ಕೆಲಸವೇ ಇರುವುದಿಲ್ಲ. ಮೊದಲ ಎರಡು ವಾರ ದಿನ ಬಿಟ್ಟು ದಿನ ರಾತ್ರಿ, ಮೂಗು-ತುಟಿಯ ಅಂಚಿಗೆ ಮೊದಲೇ ವ್ಯಾಸಲಿನ್. ಉರಿ ಹೆಚ್ಚಿದರೆ ಕೆಳಗೊಂದು, ಮೇಲೊಂದು ಪದರ ಸಾದಾ ಮಾಯಿಶ್ಚರೈಸರ್. ಬೆಳಿಗ್ಗೆ ಎಸ್‌ಪಿಎಫ್ 30 ಸನ್‌ಸ್ಕ್ರೀನ್ ತಪ್ಪಿಸಬಾರದು, ಇಲ್ಲದಿದ್ದರೆ ಕಲೆ ಇನ್ನೂ ಕಪ್ಪಾಗುತ್ತದೆ. ಗರ್ಭಿಣಿಯರು, ಆಗಬೇಕೆಂದಿರುವವರು ಅಡಾಪಲೀನ್ ಮುಟ್ಟಬಾರದು.

ಈ ಅಳತೆಯಲ್ಲಿ 15 ಗ್ರಾಂ ಟ್ಯೂಬ್ ಒಂದೂವರೆ-ಎರಡು ತಿಂಗಳು ಬರುತ್ತದೆ. ಅಮೆರಿಕದಲ್ಲಿರುವವರಿಗೆ 2016ರಿಂದ ವೈದ್ಯರ ಚೀಟಿಯಿಲ್ಲದೆಯೇ ಸಿಗುತ್ತಿದೆ. ನಿಂಬೆರಸ, ಟೂತ್‌ಪೇಸ್ಟ್ ಪುಕ್ಕಟೆಯಂತೆ ಕಾಣುತ್ತವೆ, ಸುಟ್ಟ ಕಲೆಯ ಖರ್ಚು ಆಮೇಲೆ.

ಕಾರಣ ಹೊರಗಿದ್ದರೆ ಯಾವ ಟ್ಯೂಬೂ ಗೆಲ್ಲದು. ಹಣೆಯ ಅಂಚಿನಲ್ಲೇ ಸಣ್ಣ ಗುಳ್ಳೆಗಳಿದ್ದರೆ ತಲೆಗೆ ಹಚ್ಚುವ ಎಣ್ಣೆಯನ್ನು ನೋಡಿ: ರಾತ್ರಿಯಿಡೀ ಬಿಡುವ ಬದಲು ಸ್ನಾನಕ್ಕೆ ಗಂಟೆ ಮುಂಚೆ ಹಚ್ಚಿ ತೊಳೆಯಿರಿ. ಗದ್ದದಡಿ ಒಂದೇ ಸಾಲಿನಲ್ಲಿದ್ದರೆ ಹೆಲ್ಮೆಟ್ ಪಟ್ಟಿಯ ಉಜ್ಜಾಟ. ಮುಖ ಬೆಳ್ಳಗಾಗಲೆಂದು ಮೆಡಿಕಲ್ ಶಾಪಿನಿಂದ ತಂದ ಕ್ರೀಮಿನಲ್ಲಿ ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂಬ ಹೆಸರಿದ್ದರೆ ಅದು ಸ್ಟೀರಾಯ್ಡ್. ಮೊಡವೆ ಬರಿಸುವುದೇ ಅದು, ಬಿಟ್ಟ ಕೂಡಲೇ ಕೆರಳುವುದರಿಂದ ವೈದ್ಯರನ್ನು ಕೇಳಿ ಬಿಡಿ. ಹಣೆ, ಎದೆಯ ಮೇಲೆ ಒಂದೇ ಅಳತೆಯ, ತುರಿಸುವ ಗುಳ್ಳೆಗಳು ಮೊಡವೆಯೇ ಅಲ್ಲದಿರಬಹುದು, ಯೀಸ್ಟ್ ಸೋಂಕಿರಬಹುದು.

ಬೆಳಿಗ್ಗೆ ಆಫೀಸಿನ ಗಡಿಬಿಡಿಯಲ್ಲಿ ಸನ್‌ಸ್ಕ್ರೀನ್ ಬಿಟ್ಟು ಬೇರೇನೂ ಹಚ್ಚಲಾಗದ ನನ್ನಂಥವರಿಗೆ ರಾತ್ರಿಯ ಒಂದು ಬಟಾಣಿ ಅಡಾಪಲೀನ್ ಸರಿಹೊಂದುತ್ತದೆ. ಇನ್ನೊಂದು ಟ್ಯೂಬಿಗೆ ದುಡ್ಡಿದ್ದು ಕೀವಿನ ಮೊಡವೆಯೂ ಇದ್ದರೆ ಬೆಳಿಗ್ಗೆಗೆ ಪೆರಾಕ್ಸೈಡ್ 2.5% ಸೇರಿಸಿ, ಅದೂ ಮೊದಲ ತಿಂಗಳ ಉರಿ ಇಳಿದ ಮೇಲೆ. ನೋಯುವ ಗಂಟುಗಳಿದ್ದರೆ, ಗುಳಿ ಬೀಳುತ್ತಿದ್ದರೆ, ದವಡೆಯಂಚಿನ ಮೊಡವೆಯ ಜೊತೆ ಮುಟ್ಟು ಏರುಪೇರಾಗುತ್ತಿದ್ದರೆ ಈ ಮೂರನ್ನೂ ಬಿಟ್ಟು ಮೊದಲು ಚರ್ಮವೈದ್ಯರ ಹತ್ತಿರ ಹೋಗಿ.