ನಾನೂರು ರೂಪಾಯಿ ಕೊಟ್ಟು ನಮ್ಮೂರನ್ನೇ ನೋಡಿದ್ದು

ನಾನು ಹುಟ್ಟಿದ್ದು ಮೈಸೂರಲ್ಲಿ, ಮದುವೆಯಾಗಿ ಮಂಡ್ಯಕ್ಕೆ ಬರುವವರೆಗೆ ಬೆಳೆದದ್ದೂ ಅಲ್ಲೇ. ಆ ಊರನ್ನು ತಲೆಗೆ ನಾನೂರರಂತೆ ದುಡ್ಡು ಕೊಟ್ಟು ನೋಡ್ತೀಯಾ ಅಂತ ಯಾರಾದರೂ ಹೋದ ವರ್ಷ ಕೇಳಿದ್ದರೆ ನಕ್ಕುಬಿಡುತ್ತಿದ್ದೆ. ಈ ಸಲ ತಮ್ಮನ ಮನೆಗೆ ಹೋದಾಗ ಅವನ ಮಗಳು ನನ್ನನ್ನು ಕೇಳದೇ ಎರಡು ಟಿಕೆಟ್ ಮಾಡಿಸಿಬಿಟ್ಟಿದ್ದಳು. ಭಾನುವಾರ ಬೆಳಿಗ್ಗೆ ಏಳಕ್ಕೆ ಪಾರಂಪರಿಕ ನಡಿಗೆ, ಟೌನ್ ಹಾಲ್ ಮುಂದೆ ಸೇರುವುದು. "ಅಲ್ಲ ಕಣೇ, ಟೌನ್ ಹಾಲು ನಂಗೆ ನೀನ್ ತೋರಿಸ್ಬೇಕಾ?" ಅಂದೆ. "ಅತ್ತೆ, ದುಡ್ಡು ಕಟ್ಟಾಗಿದೆ, ವಾಪಸ್ ಕೊಡಲ್ಲ, ಸುಮ್ನೆ ಬನ್ನಿ" ಅಂದಳು. ವಾಪಸ್ ಕೊಡಲ್ಲ ಅಂದಮೇಲೆ ಹೋಗಲೇಬೇಕಲ್ಲ.

ನಡೆಸುವವರು ಊರಿನವರೇ, ಸಣ್ಣ ಗುಂಪು. ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಬೈಯುವುದೂ ಸ್ವಲ್ಪ ಇದೆ. ಇಂಥ ನಡಿಗೆಗಳು ಈಗ ಮೈಸೂರಿನಲ್ಲಿ ಹಲವಾರು ಇವೆ, ಹೆಚ್ಚುಕಡಿಮೆ ಇದೇ ದಾರಿಯಲ್ಲೇ ಸುತ್ತಿಸುತ್ತವೆ. ಹಾಗಾಗಿ ಹೋಗಬೇಕೆನ್ನುವವರಿಗೆ ಇದು ಉಪಯೋಗಕ್ಕೆ ಬಂದೀತು.

ಮೊದಲು ಬೈಯುವುದನ್ನೇ ಮುಗಿಸುತ್ತೇನೆ. ಬುಕ್ ಮಾಡುವ ಫಾರಂ ಪೂರ್ತಿ ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಹೇಳುತ್ತಾರಾ ಅಂತ ಕೇಳಲು ಅದರಲ್ಲಿ ಜಾಗವೇ ಇಲ್ಲ. ನಾವು ಹದಿನಾಲ್ಕು ಜನ ಇದ್ದೆವು, ಅದರಲ್ಲಿ ಕನ್ನಡ ಬಾರದವರು ಮೂರೇ ಜನ. ಗೈಡ್ ಹುಡುಗ ಸೊಂಟಕ್ಕೆ ಸ್ಪೀಕರ್ ಕಟ್ಟಿಕೊಂಡು ಇಂಗ್ಲಿಷಿನಲ್ಲೇ ಶುರುಮಾಡಿದ. ಹತ್ತು ನಿಮಿಷ ತಡೆದುಕೊಂಡು, "ಅಪ್ಪಾ, ಸ್ವಲ್ಪ ಕನ್ನಡದಲ್ಲೂ ಹೇಳು" ಅಂದೆ. ಪಾಪ, ಬೇಜಾರು ಮಾಡಿಕೊಳ್ಳಲಿಲ್ಲ. ಅಲ್ಲಿಂದಾಚೆಗೆ ಎರಡರಲ್ಲೂ ಹೇಳಿದ, ಕನ್ನಡದಲ್ಲಿ ಹೇಳುವಾಗಲೇ ಹುಡುಗ ಚೆನ್ನಾಗಿ ಅರಳುತ್ತಿದ್ದ. ಇನ್ನೊಂದು, ಎರಡೂವರೆ ಗಂಟೆಯ ದಾರಿಯಲ್ಲಿ ಶೌಚಾಲಯಕ್ಕೆ ಅಂತ ಎಲ್ಲೂ ನಿಲ್ಲಿಸುವುದಿಲ್ಲ. ಐವತ್ತು ದಾಟಿದ ಹೆಂಗಸರು ಇದನ್ನು ನೆನಪಿಟ್ಟುಕೊಂಡು ಕಾಫಿ ಕುಡಿಯಿರಿ.

ಶುರುವಾಗುವುದು ರಂಗಾಚಾರ್ಲು ಸ್ಮಾರಕ ಭವನದಿಂದ. ಊರವರ ಬಾಯಲ್ಲಿ ಅದು ಟೌನ್ ಹಾಲ್. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗ ದಿವಾನರಾಗಿದ್ದವರು ರಂಗಾಚಾರ್ಲು. ಪ್ರಜಾಪ್ರತಿನಿಧಿ ಸಭೆ ಶುರುವಾದದ್ದು ಅದೇ ವರ್ಷ, ಅವರ ಕಾಲದಲ್ಲೇ. 1883ರಲ್ಲಿ ತೀರಿಕೊಂಡರು, ಮರುವರ್ಷವೇ ಅವರ ಹೆಸರಲ್ಲಿ ಈ ಕಟ್ಟಡ. ಇದನ್ನೆಲ್ಲ ಹುಡುಗ ಅಚ್ಚುಕಟ್ಟಾಗಿ ಹೇಳಿದ. ನನಗೆ ನೆನಪಾದದ್ದು ಮಾತ್ರ ಅಪ್ಪನ ಹೆಗಲ ಮೇಲೆ ಕೂತು ಅಲ್ಲಿ ಯಾವುದೋ ಪೌರಾಣಿಕ ನಾಟಕ ನೋಡಿದ್ದು, ಅರ್ಧಕ್ಕೇ ನಿದ್ದೆ ಹೋದದ್ದು.

ಅಪ್ಪ ಗಾರೆ ಮೇಸ್ತ್ರಿ. ಇದನ್ನು ಮೊದಲೇ ಹೇಳಬೇಕಿತ್ತು, ಯಾಕೆಂದರೆ ನಾನು ಕಟ್ಟಡ ನೋಡುವ ರೀತಿಯೇ ಅವರಿಂದ ಬಂದದ್ದು. ಯಾರದೇ ಮನೆಗೆ ಹೋಗಲಿ, ಅಪ್ಪ ಕೂರುವ ಮುಂಚೆ ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಿದ್ದರು. ಗಟ್ಟಿ ಸದ್ದು ಬಂದರೆ ಸುಮ್ಮನೆ ಕೂರುವರು, ಡಬ್ ಅಂದರೆ "ಪೊಳ್ಳು" ಅನ್ನುವರು. ಮನೆಯವರಿಗೆ ಅವಮಾನ, ಅಮ್ಮನಿಗೆ ಸಂಕಟ. ಅವರು ಕೆಲಸ ಕಲಿತದ್ದು ಸುಣ್ಣದ ಗಾರೆಯಲ್ಲಿ, ಹೊಟ್ಟೆ ಹೊರೆದದ್ದು ಸಿಮೆಂಟಿನಲ್ಲಿ. ಸುಣ್ಣ ಅರಳಿಸಿ, ಮರಳು, ಇಟ್ಟಿಗೆ ಪುಡಿ ಹಾಕಿ, ಎತ್ತು ಕಟ್ಟಿದ ಕಲ್ಲಿನ ಗಾಣದಲ್ಲಿ ಗಾರೆ ಅರೆಯುತ್ತಿದ್ದ ಕಾಲದ ಕಥೆ ಹೇಳುತ್ತಿದ್ದರು. ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೇರೆ. "ನಮಗೆ ಸಿಗದ ಬೆಲ್ಲವ ಗೋಡೆ ತಿಂದದೆ" ಅಂತ ನಗುತ್ತಿದ್ದರು.

ಟೌನ್ ಹಾಲಿನಿಂದ ನಾಲ್ಕು ಹೆಜ್ಜೆಗೆ ದೊಡ್ಡ ಗಡಿಯಾರ. ಇಲ್ಲಿ ಹುಡುಗ ಎಡವಿದ. "ಬ್ರಿಟಿಷರು ಕಟ್ಟಿಸಿದ ಕ್ಲಾಕ್ ಟವರ್" ಅಂದುಬಿಟ್ಟ. ನನಗೆ ತಡೆಯಲಿಲ್ಲ. "ಮೇಲೆ ನೋಡಪ್ಪ, ಅಂಕಿ ಯಾವ ಭಾಷೇಲಿದೆ?" ಅಂದೆ. ಎಲ್ಲರೂ ಕತ್ತೆತ್ತಿದರು. ಕನ್ನಡದ ಅಂಕಿಗಳು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡು ಇಪ್ಪತ್ತೈದು ವರ್ಷವಾದ ಬೆಳ್ಳಿಹಬ್ಬಕ್ಕೆ ಎದ್ದ ಗೋಪುರ ಅದು, 75 ಅಡಿ. ಬ್ರಿಟಿಷರ ಹೆಸರಿನದು ಬೇರೆ ಇದೆ: ದೇವರಾಜ ಮಾರುಕಟ್ಟೆಯ ಹತ್ತಿರದ ಚಿಕ್ಕ ಗಡಿಯಾರ, ವೈಸ್‌ರಾಯ್ ಡಫರಿನ್ ಬಂದದ್ದರ ನೆನಪಿಗೆ ಮಾಡಿದ್ದು. ಹುಡುಗ ಎರಡನ್ನೂ ಕಲಸಿಕೊಂಡಿದ್ದ. ಕೆಂಪಾದ, ನಕ್ಕ, ಪುಸ್ತಕದಲ್ಲಿ ಬರೆದುಕೊಂಡ. ಬರೆದುಕೊಂಡದ್ದಕ್ಕೆ ಅರ್ಧ ಸ್ಟಾರ್ ಜಾಸ್ತಿ.

ಮುಂದೆ ಚಾಮರಾಜ ವೃತ್ತ. ಎದುರಿಗೇ ಅರಮನೆಯ ಉತ್ತರ ದಿಕ್ಕು, ಬಲರಾಮ ದ್ವಾರ. ಒಳಗೆ ಹೋಗುವುದು ಈ ನಡಿಗೆಯಲ್ಲಿಲ್ಲ, ದೂರದಿಂದಲೇ ಕಥೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಮರದ ಅರಮನೆ ಸುಟ್ಟುಹೋದದ್ದು, ಹೆನ್ರಿ ಇರ್ವಿನ್ ನಕ್ಷೆ ಮಾಡಿ 1912ಕ್ಕೆ ಈಗಿನ ಅರಮನೆ ಮುಗಿದದ್ದು, ಖರ್ಚು 41,47,913 ರೂಪಾಯಿ. ಆ ಅಂಕಿಯನ್ನು ಹುಡುಗ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದ. ಕೊನೆಯ ಹದಿಮೂರು ರೂಪಾಯಿ ಯಾವುದಕ್ಕೆ ಹೋಯಿತೋ ಅಂತ ಗುಂಪಿನಲ್ಲೊಬ್ಬರು ಕೇಳಿದರು. ಟೀಗೆ ಅಂದರು ಇನ್ನೊಬ್ಬರು.

ನನಗೆ ಇಲ್ಲಿ ಒಂದು ತಕರಾರಿದೆ. ವೃತ್ತದ ನಡುವೆ ನಿಂತಿರುವುದು ಹತ್ತನೇ ಚಾಮರಾಜೇಂದ್ರ ಒಡೆಯರು. 1894ರ ಕೊನೆಯಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು, ವಯಸ್ಸು ಮೂವತ್ತೊಂದು. ಅಲ್ಲಿಂದ ಸ್ವಲ್ಪ ನಡೆದರೆ ಕೆ.ಆರ್. ವೃತ್ತ, ಅಲ್ಲಿ ನಿಂತಿರುವುದು ಮಗ ನಾಲ್ವಡಿ. ಅಪ್ಪ ಸತ್ತಾಗ ಮಗನಿಗೆ ಹತ್ತು ವರ್ಷ. 1902ರವರೆಗೆ ರಾಜ್ಯ ನಡೆಸಿದ್ದು ತಾಯಿ, ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿ. ಅರಮನೆ ಸುಟ್ಟದ್ದು ಅವರ ಆಡಳಿತದಲ್ಲಿ, ಮತ್ತೆ ಕಟ್ಟಲು ಕೈಹಾಕಿದ್ದೂ ಅವರ ಆಡಳಿತದಲ್ಲೇ. ಅಪ್ಪನ ವೃತ್ತದಿಂದ ಮಗನ ವೃತ್ತಕ್ಕೆ ನಡೆಯುವಷ್ಟು ಹೊತ್ತೂ ಕಾದೆ, ಆ ತಾಯಿಯ ಹೆಸರು ಗೈಡಿನ ಬಾಯಲ್ಲಿ ಒಂದು ಸಲವೂ ಬರಲಿಲ್ಲ. ಈ ಮಧ್ಯೆ ಮೈಸೂರ್‌ಪಾಕಿನ ಕಥೆಗೆ ಎಂಟು ನಿಮಿಷ ಕೊಟ್ಟ. ತಿನ್ನಲು ಒಂದು ತುಂಡನ್ನೂ ಕೊಡಲಿಲ್ಲ, ಅದು ಬೇರೆ ಮಾತು.

ಲ್ಯಾನ್ಸ್‌ಡೌನ್ ಕಟ್ಟಡ ಬಂದಾಗ ನನಗೆ ಮಾತು ನಿಂತಿತು. 1892ರದ್ದು, ವೈಸ್‌ರಾಯ್ ಲ್ಯಾನ್ಸ್‌ಡೌನ್ ಬಂದದ್ದರ ನೆನಪಿಗೆ ಕಟ್ಟಿದ್ದು. ಕೆಳಗೆ ಉದ್ದಕ್ಕೂ ಕಮಾನು, ಕಮಾನಿನ ಹಿಂದೆ ಅಂಗಡಿಗಳು. ನಮಗೆ ಅದು ಹಳೇ ಪುಸ್ತಕದ ಜಾಗ. ಹೈಸ್ಕೂಲಿನ ಒಂದೊಂದು ವರ್ಷದ ಪುಸ್ತಕವನ್ನೂ ಅಪ್ಪ ಅಲ್ಲೇ ಅರ್ಧ ಬೆಲೆಗೆ ಕೊಡಿಸಿದ್ದು. ಪುಟದ ಅಂಚಿನಲ್ಲಿ ಹಿಂದಿನವರು ಬರೆದ ಉತ್ತರಗಳೂ ಪುಕ್ಕಟೆ. ಅಂಗಡಿಯವರ ಜೊತೆ ನಾನು ಚೌಕಾಸಿ ಮಾಡುತ್ತಿದ್ದರೆ ಅಪ್ಪ ಹಿಂದೆ ನಿಂತು ಕಂಬ ತಟ್ಟುತ್ತಿದ್ದರು.

2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಅಲ್ಲಿಂದ ಕಟ್ಟಡಕ್ಕೆ ಬೀಗ. ಕೆಡವಿ ಹಾಗೇ ಹೊಸದು ಕಟ್ಟಬೇಕು ಅನ್ನುವವರು ಒಂದು ಕಡೆ, ದುರಸ್ತಿ ಮಾಡಿ ಉಳಿಸಬೇಕು ಅನ್ನುವವರು ಇನ್ನೊಂದು ಕಡೆ. ಗೈಡು ಎರಡೂ ಕಡೆಯ ವಾದವನ್ನು ಸಮನಾಗಿ ಹೇಳಿ ಮುಂದೆ ಹೊರಟ. ನಾನು ಹೊರಡಲಿಲ್ಲ. ರಸ್ತೆಯ ಕಡೆಯಿಂದ ನೋಡಿದರೆ ಕಾಣುವುದು ಕಮಾನು, ಬಣ್ಣ, ಗತ್ತು. ಬಿರುಕಿನ ಕಡೆ ನೋಡಬೇಕು. ಉದುರಿದ ಗಿಲಾವಿನ ಒಳಗೆ ಇಟ್ಟಿಗೆ, ನಡುವೆ ಬೆಳ್ಳಗೆ ಸುಣ್ಣದ ಗೆರೆ, ಕೈಪಿಡಿ ಗೋಡೆಯ ಸಂದಿಯಿಂದ ಬಾಗಿದ ಅರಳಿ ಸಸಿ. ಅದರ ಬೇರು ಎಷ್ಟು ಒಳಗಿದೆಯೋ.

ಅಣ್ಣನ ಮಗನಿಗೆ ಹೇಳುವಂತೆ ಆ ಹುಡುಗನಿಗೆ ಹೇಳಿದೆ: "ಹಳೇ ಗೋಡೆಗೆ ನೀರು ಹೋಗ್ತದೆ, ಬರ್ತದೆ. ಸುಣ್ಣದ ಗಾರೆ ಅದನ್ನ ಬಿಟ್ಟುಕೊಡ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಹೊಡೆದ್ರೆ ಒಳಗಿನ ತೇವ ಒಳಗೇ ಕೂತ್ಕೊಂಡು ಇಟ್ಟಿಗೆ ತಿನ್ನುತ್ತೆ. ಹೊರಗಿಂದ ನೋಡಿದ್ರೆ ಹೊಸಾ ಗೋಡೆ, ತಟ್ಟಿದ್ರೆ ಪೊಳ್ಳು." ಮುಂದೆ ಹೋಗಿದ್ದವರೆಲ್ಲ ವಾಪಸ್ ಬಂದು ಸುತ್ತ ನಿಂತಿದ್ದರು. ಬೆಂಗಳೂರಿನಿಂದ ಬಂದಿದ್ದ ಒಬ್ಬರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು, ಅವರದೂ ಊರಲ್ಲಿ ಹಳೇ ತೊಟ್ಟಿಮನೆ ಇದೆಯಂತೆ. ನನಗೆ ಗೊತ್ತಿದ್ದಷ್ಟು ಹೇಳಿದೆ. ನಮ್ಮ ಹುಡುಗಿ ಮಾತ್ರ ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದಳು.

ಈ ನಡಿಗೆಯವರಿಗೆ ನಾನು ಹೇಳುವುದು ಇಷ್ಟೇ. ಇಸವಿ ಚೆನ್ನಾಗಿ ಹೇಳ್ತೀರಿ, ರಾಜರನ್ನು ಚೆನ್ನಾಗಿ ಹೇಳ್ತೀರಿ. ಗೋಡೆ ಹೇಗೆ ನಿಂತಿದೆ, ಯಾಕೆ ಬಿತ್ತು ಅನ್ನುವುದನ್ನೂ ಹೇಳಿ. ತಿಂಗಳಿಗೊಂದು ಸಲ ಒಬ್ಬ ಹಳೇ ಮೇಸ್ತ್ರಿಯನ್ನು ಕರೆತನ್ನಿ, ನಾನೂರಲ್ಲ, ಆರುನೂರು ಕೊಡುತ್ತೇನೆ.

ಆಮೇಲೆ ದೇವರಾಜ ಮಾರುಕಟ್ಟೆ. ಇಡೀ ಬೆಳಿಗ್ಗೆಯಲ್ಲಿ ದುಡ್ಡಿಗೆ ಮೋಸವಿಲ್ಲದ ಅರ್ಧ ಗಂಟೆ ಇದು, ಯಾಕೆಂದರೆ ಇಲ್ಲಿ ಹುಡುಗ ಸ್ಪೀಕರ್ ಆರಿಸಿದ. ಅವನ ಅಜ್ಜಿ ಇಲ್ಲೇ ಹೂ ಮಾರುತ್ತಿದ್ದರಂತೆ. ಮೊದಲೇ ಹೇಳಬಾರದಾಗಿತ್ತೇ! ಸಯ್ಯಾಜಿರಾವ್ ರಸ್ತೆ ಕಡೆಯಿಂದ ಒಳಗೆ ಕರೆದುಕೊಂಡು ಹೋಗಿ, ಹೂವಿನ ಸಾಲಿನಲ್ಲಿ ಮಲ್ಲಿಗೆಯನ್ನು ಮಾರಿನ ಲೆಕ್ಕದಲ್ಲಿ ಅಳೆಯುವುದನ್ನು ತೋರಿಸಿದ. ಅಳೆಯುವವರ ಕೈ ಗಿಡ್ಡವಿದ್ದರೆ ನಮಗೆ ನಷ್ಟ ಅಂದ. ಎಲ್ಲರೂ ನಕ್ಕರು, ಹೂವಾಡಗಿತ್ತಿ ನಗಲಿಲ್ಲ. ವೀಳ್ಯದೆಲೆಯ ಕಟ್ಟು, ನಂಜನಗೂಡು ರಸಬಾಳೆಯ ಚಿಪ್ಪು, ಗೋಪುರದ ಹಾಗೆ ಸುರಿದ ಕುಂಕುಮ. ವಿದೇಶದವರು ಫೋಟೊ ತೆಗೆಯುವುದು ಕುಂಕುಮದ ಮುಂದೆಯೇ. ರಸಬಾಳೆ ಕೊಳ್ಳುವವರು ಗಟ್ಟಿಯಾಗಿ ಕೇಳಿ ತೆಗೆದುಕೊಳ್ಳಿ. ರಸಬಾಳೆ ಅಂತ ಕೂಗುವುದೆಲ್ಲ ರಸಬಾಳೆಯಲ್ಲ.

ಮಾರುಕಟ್ಟೆಯ ಉತ್ತರದ ಕಡೆ, ಧನ್ವಂತ್ರಿ ರಸ್ತೆಯ ಬದಿ, 2016ರ ಆಗಸ್ಟ್‌ನಲ್ಲಿ ಕುಸಿಯಿತು. ಅಲ್ಲಿ ನಿಂತು ಹುಡುಗ ತಾನೇ ನನ್ನ ಕಡೆ ತಿರುಗಿ, "ಆಂಟಿ, ಇದು ತಟ್ಟಿ ನೋಡಿ" ಅಂದ. ತಟ್ಟಿದೆ. ಒಂದು ಕಡೆ ಗಟ್ಟಿ, ಒಂದು ಮೊಳ ಆಚೆಗೆ ಡಬ್. ಪಕ್ಕದ ಅಂಗಡಿಯ ಯಜಮಾನರು ತರಕಾರಿಗೆ ನೀರು ಚಿಮುಕಿಸುತ್ತಿದ್ದವರು ತಲೆ ಎತ್ತಿ, "ಏನಮ್ಮಾ, ನಿಲ್ಲುತ್ತಾ?" ಅಂದರು. ನಾನೇನು ಹೇಳಲಿ, ನಮ್ಮಪ್ಪ ಅಲ್ಲ ನಾನು. ಅವರೇ ಹೇಳಿದರು, "ನಮ್ಮ ತಾತನ ಕಾಲದಿಂದ ಇಲ್ಲೇ ಕೂತಿದ್ದೀವಿ. ಉಳಿಸ್ತೀವಿ ಅನ್ನೋರು ಬರ್ತಾರೆ, ಕೆಡವ್ತೀವಿ ಅನ್ನೋರು ಬರ್ತಾರೆ, ಟೊಮೇಟೊ ತಗೊಳ್ಳೋರು ಕಮ್ಮಿಯಾಗಿದ್ದಾರೆ."

ಕೊನೆ ನಿಲ್ದಾಣ ಜಗನ್ಮೋಹನ ಅರಮನೆಯ ಮುಂದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, 1861. ಮರದ ಅರಮನೆ ಸುಟ್ಟಮೇಲೆ ರಾಜಮನೆತನ ಇದ್ದದ್ದು ಇಲ್ಲಿ, ನಾಲ್ವಡಿಯವರಿಗೆ 1902ರಲ್ಲಿ ಅಧಿಕಾರ ಸಿಕ್ಕಿದ್ದೂ ಇಲ್ಲೇ. ಅಷ್ಟು ಹೊತ್ತಿಗೆ ಬಿಸಿಲೇರಿ ಎಲ್ಲರ ಕಿವಿ ಮುಚ್ಚಿತ್ತು. ಹುಡುಗ ಬೇಗ ಮುಗಿಸಿದ, ಒಳ್ಳೆಯದೇ ಆಯಿತು. ಒಳಗಿನ ಚಿತ್ರಶಾಲೆಗೆ ಬೇರೆ ಟಿಕೆಟ್. ನೋಡದವರು ಹಳದಣಕರರ ದೀಪ ಹಿಡಿದ ಹೆಂಗಸಿನ ಚಿತ್ರಕ್ಕಾದರೂ ಒಳಗೆ ಹೋಗಿ. ರವಿವರ್ಮನದು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಆ ಅರ್ಧ ಹುಡುಗ ಬರೆದುಕೊಂಡದ್ದಕ್ಕೆ, ಮೊದಲೇ ಹೇಳಿದೆನಲ್ಲ. ಮೈಸೂರು ಗೊತ್ತಿಲ್ಲದವರು ಕಣ್ಣುಮುಚ್ಚಿ ಹೋಗಬಹುದು. ಗೊತ್ತಿದೆ ಅಂದುಕೊಂಡವರು ಮನೆಯ ಸಣ್ಣವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಗಟ್ಟಿ ಚಪ್ಪಲಿ, ನೀರಿನ ಬಾಟಲು, ಒಂದು ಕೊಡೆ ಇರಲಿ. ಶುರುವಾದ ಜಾಗದಲ್ಲಿ ಮುಗಿಯುವುದಿಲ್ಲ, ಟೌನ್ ಹಾಲ್ ಹತ್ತಿರ ಗಾಡಿ ನಿಲ್ಲಿಸಿದ್ದರೆ ಅಷ್ಟೂ ದೂರ ವಾಪಸ್ ನಡೆಯಬೇಕು.

ನಮ್ಮ ಸ್ಕೂಟಿ ಅಲ್ಲೇ ಇತ್ತು. ನಡೆದೇ ಹೋದೆವು, ದೊಡ್ಡ ಗಡಿಯಾರದ ತನಕ ಹುಡುಗಿ ಏನೂ ಮಾತಾಡಲಿಲ್ಲ. ಆಮೇಲೆ ಗೋಪುರದ ಬುಡಕ್ಕೆ ಹೋಗಿ, ಆಚೆ ಈಚೆ ಯಾರಾದರೂ ನೋಡುತ್ತಿದ್ದಾರಾ ಅಂತ ನೋಡಿ, ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದಳು. "ಅತ್ತೆ, ಇದು ಯಾವ ಸದ್ದು?"