ಸೌಂಡ್‌ಬಾರ್, ಡಬ್ಬದ 5.1 ಸೆಟ್, ಎವಿ ರಿಸೀವರ್: ನನ್ನ ಓಟು ರಿಸೀವರ್‌ಗೇ

ಮೂರನ್ನೂ ನಮ್ಮ ಹಾಲ್‌ನಲ್ಲೇ, ಅದೇ ಟಿವಿಗೆ ಸಿಕ್ಕಿಸಿ ಕೇಳಿದ್ದೇನೆ. ಈಗ ಮನೆಯಲ್ಲಿ ಉಳಿದಿರುವುದು ಎವಿ ರಿಸೀವರ್ (ಎಲ್ಲ ಸಾಧನಗಳ ಸದ್ದನ್ನು ತೆಗೆದುಕೊಂಡು ಸ್ಪೀಕರ್‌ಗಳಿಗೆ ಹಂಚುವ ಡಬ್ಬ), ಅದರ ಐದು ಸ್ಪೀಕರ್ ಮತ್ತು ಬೇಸ್‌ಗಾಗಿ ಒಂದು ಸಬ್‌ವೂಫರ್. ಸೌಂಡ್‌ಬಾರ್ ತಮ್ಮನ ಮನೆ ಸೇರಿತು. ಎಲ್ಲಾ ಸ್ಪೀಕರ್ ಒಂದೇ ಡಬ್ಬದಲ್ಲಿ ಬರುವ ಆ ಸೆಟ್ ಗೆಳೆಯನದು, ಅವನಿಗೇ ವಾಪಸ್ ಕೊಟ್ಟೆ. ಹಾಗಾಗಿ ಇದನ್ನು ಪಕ್ಷಪಾತ ಇಲ್ಲದ ಹೋಲಿಕೆ ಅಂದುಕೊಳ್ಳಬೇಡಿ.

ಎಷ್ಟು ವಾಟ್, ಎಷ್ಟು ಇಂಚು ಅನ್ನುವುದು ಡಬ್ಬದ ಮೇಲೇ ಬರೆದಿರುತ್ತದೆ. ನಾನು ನೋಡಿದ್ದು ಬೇರೆ. 5.1 ಅಂದರೆ ಮುಂದೆ ಎಡ, ಬಲ, ನಡುವೆ ಸೆಂಟರ್, ಹಿಂದೆ ಎರಡು ಸರೌಂಡ್, ಜೊತೆಗೆ ಗುಡುಗು, ಸ್ಫೋಟಗಳ ಬೇಸ್‌ಗಾಗಿಯೇ ಇಟ್ಟ ಇನ್ನೊಂದು ಚಾನೆಲ್. ಒಟ್ಟು ಆರು. ಈ ಆರೂ ಸ್ಪೀಕರ್ ತಲುಪುವ ಹೊತ್ತಿಗೆ ಆರಾಗಿಯೇ ಉಳಿದಿರುತ್ತವಾ?

ಗೆಳೆಯನ ಸೆಟ್‌ನಲ್ಲಿ ಉಳಿಯುವುದಿಲ್ಲ. ಅದಕ್ಕೆ ಇರುವುದು ಆಕ್ಸ್, ಬ್ಲೂಟೂತ್, ಯುಎಸ್‌ಬಿ. ಆಕ್ಸ್ ವೈರಿನಲ್ಲಿ ಹೋಗುವುದು ಎರಡೇ ಚಾನೆಲ್, ಬ್ಲೂಟೂತ್‌ನಲ್ಲೂ ಅಷ್ಟೇ. ಅದೇ ಎರಡನ್ನು ಐದು ಸ್ಪೀಕರ್‌ಗೆ ಹಂಚುತ್ತದೆ. ಹಾಡಿಗೆ ಜೋರಾಗಿ, ಮಜವಾಗಿ ಇರುತ್ತದೆ. ಆದರೆ ಸಿನಿಮಾದಲ್ಲಿ ಮುಂದಿನವರ ಮಾತು ನಮ್ಮ ಬೆನ್ನ ಹಿಂದಿನಿಂದಲೂ ಬರುತ್ತದೆ. ಆರೂ ಚಾನೆಲ್ ಸಾಗಿಸಬಲ್ಲ ಡಿಜಿಟಲ್ ಪೋರ್ಟ್, ಅಂದರೆ ಎಚ್‌ಡಿಎಂಐ ಆಗಲಿ ಆಪ್ಟಿಕಲ್ ಆಗಲಿ ಇಲ್ಲದ 5.1 ಸೆಟ್ ಸಿನಿಮಾಗೆ ದಂಡ.

ಸೌಂಡ್‌ಬಾರ್ ಹಾಗಲ್ಲ. ಅದರಲ್ಲಿ ನಿಜವಾದ ಸರೌಂಡ್ ಇತ್ತು. ಸಬ್‌ವೂಫರ್ ಬೇರೆ, ಹಿಂದಿನ ಎರಡು ಸ್ಪೀಕರ್ ವೈರ್‌ಲೆಸ್. (ವೈರ್‌ಲೆಸ್ ಅಂದರೂ ಒಂದೊಂದಕ್ಕೂ ಕರೆಂಟ್ ಪ್ಲಗ್ ಬೇಕು. ಸೋಫಾ ಹಿಂದೆ ಸಾಕೆಟ್ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.) ಟಿವಿಯ ಆ್ಯಪ್‌ಗಳಲ್ಲಿ ಸಿನಿಮಾ ಹಾಕಿದರೆ ಮಳೆ ಸುತ್ತಲೂ ಸುರಿಯುತ್ತಿತ್ತು. ಅಮ್ಮನಿಗೂ ಇಷ್ಟವಾಯಿತು, ಮುಖ್ಯವಾಗಿ ನೆಲದ ಮೇಲೆ ವೈರ್ ಇಲ್ಲವಲ್ಲ ಅಂತ.

ತಲೆನೋವು ಶುರುವಾದದ್ದು ಗೇಮ್ ಕನ್ಸೋಲ್ ಹಾಕಿದಾಗ. ಹಿಂದಿನ ಸ್ಪೀಕರ್‌ಗಳು ತೆಪ್ಪಗಾದವು. ಮೆನುವಿನಲ್ಲಿ 5.1 ಅಂತಲೇ ಇದೆ, ಬಾರ್‌ನ ಪುಟ್ಟ ದೀಪವೂ ಉರಿಯುತ್ತಿದೆ, ಹಿಂದೆ ಮಾತ್ರ ಸದ್ದಿಲ್ಲ. ಕೇಬಲ್ ಬದಲಾಯಿಸಿದೆ. ರೀಸೆಟ್ ಮಾಡಿದೆ. ಸರ್ವಿಸ್ ಸೆಂಟರ್‌ನವರು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಎಂದರು, ಅದೂ ಆಯಿತು. ಏನೂ ಬದಲಾಗಲಿಲ್ಲ.

ಕಾರಣ ಬಾರ್‌ನಲ್ಲಿ ಇರಲೇ ಇಲ್ಲ, ದಾರಿಯಲ್ಲಿತ್ತು. ಬಾರ್‌ಗೆ ಇದ್ದದ್ದು ಒಂದೇ ಎಚ್‌ಡಿಎಂಐ ಪೋರ್ಟ್. ಹಾಗಾಗಿ ಕನ್ಸೋಲನ್ನು ಟಿವಿಗೆ ಕೊಟ್ಟು, ಟಿವಿಯಿಂದ ಎಆರ್‌ಸಿ (ಎಚ್‌ಡಿಎಂಐ ವೈರಿನಲ್ಲೇ ಟಿವಿಯ ಸದ್ದನ್ನು ಹೊರಗೆ ಕಳಿಸುವ ವ್ಯವಸ್ಥೆ) ಮೂಲಕ ಬಾರ್‌ಗೆ ಸದ್ದು ಕಳಿಸಬೇಕು. ನಡುವೆ ಟಿವಿ ದಲ್ಲಾಳಿ ಥರ ಕೂತಿರುತ್ತದೆ, ತನಗೆ ಸರಿ ಕಂಡಷ್ಟನ್ನೇ ಮುಂದೆ ದಾಟಿಸುತ್ತದೆ. ಎಆರ್‌ಸಿ 2009ರಲ್ಲಿ ಎಚ್‌ಡಿಎಂಐ 1.4 ಜೊತೆ ಬಂದದ್ದು. ಡಾಲ್ಬಿ ಡಿಜಿಟಲ್‌ನಂಥ ಕುಗ್ಗಿಸಿದ 5.1 ಸದ್ದು ಅದರಲ್ಲಿ ಹೋಗುತ್ತದೆ. ಕುಗ್ಗಿಸದ ಪಿಸಿಎಂ ಆದರೆ ಎರಡೇ ಚಾನೆಲ್. ಕನ್ಸೋಲ್ ಕಳಿಸುತ್ತಿದ್ದದ್ದು ಪಿಸಿಎಂ. ಆರು ಚಾನೆಲ್ ಟಿವಿಗೆ ಹೋಗಿ ಎರಡಾಗಿ ಹೊರಗೆ ಬರುತ್ತಿತ್ತು. ಆ್ಯಪ್‌ಗಳಲ್ಲಿ ಚೆನ್ನಾಗಿ ಕೇಳುತ್ತಿದ್ದದ್ದೂ ಇದಕ್ಕೇ. ಅವು ಕೊಡುವುದು ಡಾಲ್ಬಿಯ ಕುಗ್ಗಿಸಿದ ಸದ್ದು.

ಸರಿ, ಕನ್ಸೋಲನ್ನೇ ಡಾಲ್ಬಿಗೆ ಬದಲಾಯಿಸಿದೆ. ಹಿಂದಿನ ಸ್ಪೀಕರ್ ಮಾತಾಡಿದವು, ಆದರೆ ಸದ್ದು ತಡ. ಗುಂಡಿ ಒತ್ತಿದ ಮೇಲೆ ಗುಂಡಿನ ಸದ್ದು. ಅದನ್ನು ಕುಗ್ಗಿಸಿ, ಮತ್ತೆ ಬಿಡಿಸಲು ಹೊತ್ತು ಹಿಡಿಯುತ್ತದೆ ಅಲ್ವಾ. ಸಿನಿಮಾದಲ್ಲಾದರೆ ತುಟಿಗೆ ಮಾತು ಹೊಂದಿಸಲು ಚಿತ್ರವನ್ನೇ ಚೂರು ತಡಮಾಡಬಹುದು, ಆಟದಲ್ಲಿ ಆ ಆಟ ನಡೆಯುವುದಿಲ್ಲ. ಡಿಸ್ಕ್ ಪ್ಲೇಯರ್‌ದು ಇನ್ನೊಂದು ರಗಳೆ. ಡಿಟಿಎಸ್ (ಡಾಲ್ಬಿಯಂಥದ್ದೇ ಇನ್ನೊಂದು ಸದ್ದಿನ ಮಾದರಿ) ಇರುವ ಡಿಸ್ಕ್ ಹಾಕಿದರೆ ಪೂರ್ತಿ ನಿಶ್ಶಬ್ದ, ಯಾಕೆಂದರೆ ನಮ್ಮ ಟಿವಿ ಡಿಟಿಎಸ್ ದಾಟಿಸುವುದೇ ಇಲ್ಲ.

ಇದಕ್ಕೆ ಪರಿಹಾರ ಎಆರ್‌ಸಿಯ ಸುಧಾರಿತ ರೂಪವಾದ ಇ-ಎಆರ್‌ಸಿ. 2017ರ ಎಚ್‌ಡಿಎಂಐ 2.1ರಲ್ಲಿ ಸೇರಿದ್ದು, ಸೆಕೆಂಡಿಗೆ 37 ಮೆಗಾಬಿಟ್‌ವರೆಗೆ ಸದ್ದು ಸಾಗಿಸುತ್ತದೆ. ಕುಗ್ಗಿಸದ 5.1 ಪಿಸಿಎಂ ಅದರಲ್ಲಿ ಆರಾಮಾಗಿ ಹೋಗುತ್ತದೆ. ಆದರೆ ಟಿವಿಯಲ್ಲೂ ಬಾರ್‌ನಲ್ಲೂ ಇ-ಎಆರ್‌ಸಿ ಇರಬೇಕು. ಒಂದರಲ್ಲಿ ಇಲ್ಲದಿದ್ದರೂ ಕಥೆ ಮತ್ತೆ ಅಲ್ಲಿಗೇ ಬಂತು. ಚೆನ್ನಾಗಿರುವ ಟಿವಿಯನ್ನು ಸೌಂಡ್‌ಬಾರ್‌ಗಾಗಿ ಬದಲಾಯಿಸುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ತಮ್ಮನ ಟಿವಿ ಹೊಸದು. ಅದೇ ಬಾರ್ ಅಲ್ಲಿ ಒಂದು ತಕರಾರೂ ಇಲ್ಲದೆ ನಡೆಯುತ್ತಿದೆ.

ರಿಸೀವರ್‌ನಲ್ಲಿ ಈ ದಾರಿಯೇ ತಿರುಗುಮುರುಗು. ಕನ್ಸೋಲ್, ಡಿಸ್ಕ್ ಪ್ಲೇಯರ್, ಸ್ಟ್ರೀಮಿಂಗ್ ಸ್ಟಿಕ್ ಎಲ್ಲಾ ರಿಸೀವರ್‌ನ ಬೆನ್ನಿಗೇ ಸಿಕ್ಕಿಸುತ್ತೇನೆ. ಸದ್ದು ಅಲ್ಲೇ ಇಳಿಯುತ್ತದೆ, ಚಿತ್ರ ಮಾತ್ರ ಟಿವಿಗೆ ಹೋಗುತ್ತದೆ. ಹಳೇ ಟಿವಿ ಆದರೂ ಪರವಾಗಿಲ್ಲ. ಕೊಳ್ಳುವಾಗ ನೋಡಬೇಕಾದದ್ದು ಒಂದೇ: ಕನ್ಸೋಲ್ ಕೊಡುವ ಚಿತ್ರವನ್ನು ರಿಸೀವರ್ ಪೂರ್ತಿ ದಾಟಿಸುತ್ತದಾ ಅಂತ.

ಎರಡನೇ ಲಾಭ ಸೆಂಟರ್ ಸ್ಪೀಕರ್. ಸಿನಿಮಾದ ಮಾತು ಹೆಚ್ಚುಪಾಲು ಬರುವುದು ಅದರಿಂದಲೇ. ನಾನು ನೋಡುವುದು ರಾತ್ರಿ, ಎಲ್ಲರೂ ಮಲಗಿದ ಮೇಲೆ. ಸೆಂಟರ್ ಒಂದನ್ನೇ 3 ಡೆಸಿಬೆಲ್ ಏರಿಸಿ, ಉಳಿದದ್ದನ್ನು ಸಣ್ಣಗೆ ಇಟ್ಟರೆ ಪಿಸುಮಾತೂ ಕೇಳುತ್ತದೆ. ಬಾರ್‌ನಲ್ಲೂ 'ವಾಯ್ಸ್' ಗುಂಡಿ ಇತ್ತು. ಒತ್ತಿದರೆ ಎಲ್ಲರೂ ಮೂಗು ಕಟ್ಟಿಕೊಂಡು ಮಾತಾಡಿದಂತೆ ಕೇಳುತ್ತಿತ್ತು.

ಜೋಡಿಸುವುದು ಮಾತ್ರ ಕೆಲಸವೇ. ಮುಂದಿನ ಎರಡು ನಾವು ಕೂರುವ ಜಾಗದಿಂದ ನೇರ ಮುಂದಕ್ಕೆ ಎಳೆದ ಗೆರೆಯ ಆಚೆ ಈಚೆ ಸುಮಾರು 30 ಡಿಗ್ರಿಗೆ ಇರಬೇಕು. ಸರೌಂಡ್ 110 ಡಿಗ್ರಿ ಹತ್ತಿರ, ಅಂದರೆ ಕಿವಿಗಿಂತ ಚೂರು ಹಿಂದೆ. ಆಮೇಲೆ ರಿಸೀವರ್ ಜೊತೆ ಬರುವ ಮೈಕ್ ಇಟ್ಟು ಅಳತೆ ಮಾಡಿಸಿದರೆ ದೂರ, ಮಟ್ಟ ಎಲ್ಲಾ ತಾನೇ ಹೊಂದಿಸಿಕೊಳ್ಳುತ್ತದೆ. ಚಿಕ್ಕ ಸ್ಪೀಕರ್‌ಗಳನ್ನು ಅದು 'ದೊಡ್ಡದು' ಎಂದು ಗುರುತಿಸಿದ್ದರೆ 'ಚಿಕ್ಕದು' ಮಾಡಿ, ಕ್ರಾಸ್‌ಓವರ್ 80 ಹರ್ಟ್ಜ್ ಇಡಿ. ಆ ಗೆರೆಗಿಂತ ಕೆಳಗಿನ ಬೇಸ್ ಎಲ್ಲಾ ಸಬ್‌ವೂಫರ್‌ಗೆ ಹೋಗಲಿ.

ವೈರ್ ಕಾಟ ನಿಜ. ಗೋಡೆಯ ಅಂಚಿಗೆ ಪಟ್ಟಿ ಹೊಡೆದು ಮುಚ್ಚಿದ್ದೇನೆ, ಆದರೂ ಗುಡಿಸುವಾಗಲೆಲ್ಲ ಅಮ್ಮನ ಬೈಗುಳ ತಪ್ಪಿಲ್ಲ. ರಿಸೀವರ್ ಬಿಸಿಯೂ ಆಗುತ್ತದೆ, ಮೇಲೆ ಗಾಳಿಯಾಡಲು ಜಾಗ ಬೇಕು.

ದುಡ್ಡಿನ ಲೆಕ್ಕ ಹೇಳುವುದಾದರೆ ಒಟ್ಟು ಖರ್ಚು ಬಾರ್‌ಗಿಂತ ಜಾಸ್ತಿಯೇ. ಆದರೆ ಒಂದೇ ಸಲ ಕೊಡಬೇಕಿಲ್ಲ. ಮೊದಲು ರಿಸೀವರ್ ಮತ್ತು ಮುಂದಿನ ಮೂರು ಸ್ಪೀಕರ್ ತಂದೆ, ಆಮೇಲೆ ಸಬ್‌ವೂಫರ್, ಕೊನೆಗೆ ಸರೌಂಡ್. ಸರೌಂಡ್ ಜೋಡಿ ಸೆಕೆಂಡ್ ಹ್ಯಾಂಡ್, ಬೇರೆ ಕಂಪನಿಯದು. ಬಾರ್‌ನಲ್ಲಿ ಈ ಸ್ವಾತಂತ್ರ್ಯ ಇಲ್ಲ, ಅದರ ಹಿಂದಿನ ಸ್ಪೀಕರ್‌ಗಳು ಅದಕ್ಕಷ್ಟೇ ಹೊಂದುತ್ತವೆ. ಬಾರ್ ಕೆಟ್ಟರೆ ಅವೂ ಮೂಲೆಗೆ. ನನ್ನ ರಿಸೀವರ್ ಕೆಟ್ಟರೆ ಡಬ್ಬ ಒಂದನ್ನು ಬದಲಾಯಿಸುತ್ತೇನೆ, ಸ್ಪೀಕರ್ ಹಾಗೇ ಇರುತ್ತವೆ.

ಟಿವಿಯ ಆ್ಯಪ್‌ಗಳನ್ನು ಬಿಟ್ಟು ಬೇರೇನೂ ನೋಡದವರು ಬಾರ್ ತಗೊಳ್ಳಿ, ಇಷ್ಟೆಲ್ಲ ಒದ್ದಾಟ ಯಾಕೆ. ಅಟ್ಮಾಸ್ (ತಲೆಯ ಮೇಲಿನಿಂದಲೂ ಸದ್ದು ಬರಿಸುವ ಡಾಲ್ಬಿ ವ್ಯವಸ್ಥೆ) ಬಗ್ಗೆ ಕೇಳುವವರಿಗೆ: ನನ್ನ ರಿಸೀವರ್‌ನಲ್ಲಿ ಇನ್ನೆರಡು ಚಾನೆಲ್ ಖಾಲಿ ಇದೆ, ಚಾವಣಿ ಕೊರೆಯಲು ಅಮ್ಮ ಇನ್ನೂ ಒಪ್ಪಿಲ್ಲ.