ಯೂನಿವರ್ಸಿಟಿ ಕೆಲಸ: ಪ್ರಾಜೆಕ್ಟ್ ಹುದ್ದೆಯೋ, ಆಫೀಸ್ ಹುದ್ದೆಯೋ?

ಎರಡನ್ನೂ ಮಾಡಿ ನೋಡಿದ್ದೇನೆ. ಮೊದಲು ಎರಡು ವರ್ಷ ಸಂಶೋಧನಾ ಪ್ರಾಜೆಕ್ಟಿನಲ್ಲಿ ಅಸಿಸ್ಟೆಂಟ್, ಆಮೇಲೆ ಪರೀಕ್ಷಾ ವಿಭಾಗದಲ್ಲಿ ಆಡಳಿತದ ಕೆಲಸ. ಜಾಹೀರಾತು ಒಂದೇ ಪುಟದಲ್ಲಿ ಅಕ್ಕಪಕ್ಕ ಬರುತ್ತದೆ, ಅಷ್ಟೇ ಇವೆರಡಕ್ಕೂ ಇರುವ ನೆಂಟಸ್ತನ.

ಪ್ರಾಜೆಕ್ಟಿಗೆ ಸೇರುವುದು ಸುಲಭ. ಆರಿಸುವವರು ಪ್ರಾಜೆಕ್ಟಿನ ಮುಖ್ಯಸ್ಥರೇ. ನನ್ನನ್ನು ಕೇಳಿದ್ದು ಈ ಸಾಫ್ಟ್‌ವೇರ್ ಬರುತ್ತಾ, ಯಾವಾಗ ಸೇರ್ತೀರಿ, ಇಷ್ಟೇ. ಮೊದಲ ಮೂರು ತಿಂಗಳು ಒಂದು ಎಕ್ಸೆಲ್ ಫೈಲಿನಲ್ಲೇ ಕಳೆದುಹೋಯಿತು: ದಿನಾಂಕದ ಕಾಲಮ್ಮಿನಲ್ಲಿ ಒಬ್ಬರು ದಿನ ಮೊದಲು ಬರೆದಿದ್ದರು, ಇನ್ನೊಬ್ಬರು ತಿಂಗಳು ಮೊದಲು, ಮೂರನೆಯವರು "ಹೋದ ಮಂಗಳವಾರ" ಅಂತ. ಸಂಶೋಧನೆ ಅಂದರೆ ಹೊಸದನ್ನು ಕಂಡುಹಿಡಿಯುವುದು ಅಂದುಕೊಂಡಿದ್ದೆ, ಅದು ಯಾವ ಮಂಗಳವಾರ ಅಂತ ಕಂಡುಹಿಡಿದಿದ್ದೇ ಬಂತು.

ಸಂಶೋಧನಾ ಪೇಪರಿನಲ್ಲಿ ಲೇಖಕರ ಸಾಲಲ್ಲಿ ಹೆಸರು ಬರುತ್ತೆ ಅನ್ನೋ ಆಸೆ ಇರುತ್ತದಲ್ವಾ? ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಸಮಿತಿ, ಐಸಿಎಂಜೆಇ, ಲೇಖಕ ಅನ್ನಿಸಿಕೊಳ್ಳಲು 4 ಷರತ್ತು ಇಟ್ಟಿದೆ. ನಾಲ್ಕೂ ಪೂರೈಸಬೇಕು, ಡೇಟಾ ಕೂಡಿಹಾಕಿದ್ದಷ್ಟೇ ಸಾಲದು. ನನ್ನ ಹೆಸರು ಕೃತಜ್ಞತೆಯ ಸಾಲಿಗೆ ಹೋಯಿತು. ಬೇಜಾರಾಯಿತು. ಆದರೆ ನಿಯಮ ಓದಿದ ಮೇಲೆ ಪೂರ್ತಿ ಪ್ರಾಜೆಕ್ಟಿನ ಮುಖ್ಯಸ್ಥರದ್ದೇ ತಪ್ಪು ಅನ್ನಲೂ ಆಗಲಿಲ್ಲ, ಡ್ರಾಫ್ಟ್ ಕೊಡಿ, ಓದಿ ತಿದ್ದುತ್ತೇನೆ ಅಂತ ನಾನು ಬಾಯಿಬಿಟ್ಟು ಕೇಳಿರಲೇ ಇಲ್ಲ.

ಆಡಳಿತದ ಹುದ್ದೆಗೆ ಅರ್ಜಿ ಹಾಕುವುದೇ ದೊಡ್ಡ ಕೆಲಸ. ಮೊದಲ ಸಲ ಹಳೇ ರೆಸ್ಯೂಮೆಯನ್ನೇ ಕಳಿಸಿದೆ, ಕರೆ ಬರಲಿಲ್ಲ. ಎರಡನೇ ಸಲ ಅವರು ಕೇಳಿದ್ದ ಅರ್ಹತೆಗಳಲ್ಲಿ ಒಂದೊಂದಕ್ಕೂ ನಾನು ಮಾಡಿದ ಒಂದೊಂದು ಕೆಲಸ ತೋರಿಸಿ ಬರೆದೆ, ಕರೆ ಬಂತು. ಇಲ್ಲಿನ ಒತ್ತಡ ಮೊದಲೇ ಗೊತ್ತಿರುತ್ತದೆ: ಪ್ರವೇಶ, ಪರೀಕ್ಷೆ, ಫಲಿತಾಂಶ. ಉಳಿದ ದಿನ ಫೈಲು, ಮತ್ತೆ ಫೈಲು. ಒಂದು ಸಲ ಒಬ್ಬ ಹುಡುಗಿ ಕೌಂಟರಿಗೆ ಬಂದಳು. ಅಂಕಪಟ್ಟಿಯಲ್ಲಿ ಹೆಸರಿನ ಒಂದಕ್ಷರ ತಪ್ಪು, ಮರುದಿನವೇ ವೀಸಾ ಸಂದರ್ಶನ. ತಿದ್ದಲು ಎರಡು ನಿಮಿಷ, ಮೂರು ಸಹಿ ಹಾಕಿಸಲು ಇಡೀ ಮಧ್ಯಾಹ್ನ. ಕಾಗದ ಕೈಗೆ ಸಿಕ್ಕಿದ್ದೇ ತಡ, ಥ್ಯಾಂಕ್ಸ್ ಹೇಳೋದನ್ನೂ ಮರೆತು ಓಡಿದಳು. ಪ್ರಾಜೆಕ್ಟಿನ ಎರಡು ವರ್ಷದಲ್ಲಿ ಅಂಥ ಒಂದು ಸಂಜೆ ನನಗೆ ಸಿಕ್ಕಿರಲಿಲ್ಲ.

ಪಿಎಚ್‌ಡಿ ಮಾಡುವ ಮನಸ್ಸಿದ್ದರೆ ಪ್ರಾಜೆಕ್ಟಿಗೇ ಹೋಗಿ, ಅಲ್ಲಿ ಕಲಿಯುವುದು ಜಾಸ್ತಿ. ಇಲ್ಲದಿದ್ದರೆ ನನ್ನ ಓಟು ಆಫೀಸಿಗೆ. ಯಾವುದಕ್ಕೇ ಹೋದರೂ ಸಂಬಳದ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಯವರೆಗೆ ಬರುತ್ತದೆ ಅಂತ ಸಂದರ್ಶನದಲ್ಲೇ ಕೇಳಿ. ಪ್ರಾಜೆಕ್ಟಿಗೆ ಬಂದ ಗ್ರಾಂಟ್, ಅಂದರೆ ಅನುದಾನ, ಮುಗಿದರೆ ಎಷ್ಟು ಚೆನ್ನಾಗಿ ಕೆಲಸ ಮಾಡಿದ್ದರೂ ಹುದ್ದೆಯೂ ಮುಗಿದಂತೆ. ಕೇಳಿದರೆ ತಪ್ಪು ತಿಳೀತಾರೇನೋ ಅಂತ ನಾನು ಸುಮ್ನೆ ಕೂತಿದ್ದೆ, ನೋಡಿದರೆ ನಾನು ಸೇರುವ ಹೊತ್ತಿಗೇ ಆ ಗ್ರಾಂಟಿನ ಅರ್ಧ ಅವಧಿ ಕಳೆದುಹೋಗಿತ್ತು.